ಶಾಲೆಗೆ ಚಕ್ಕರ್, ಜೈಲಿಗೆ ಹಾಜರ್!

ಗವರ್ನರ್ ಯೂನಿವರ್ಸಿಟಿಯ ಬಾಗಿಲಿಗೆ ಅಡ್ಡ ನಿಂತ. ಪೊಲೀಸರು ಮಕ್ಕಳ ಮೇಲೆ ನಾಯಿ ಬಿಟ್ಟರು. ಭಾನುವಾರದ ಪ್ರಾರ್ಥನೆಗೆ ಬಂದ ನಾಲ್ವರು ಹುಡುಗಿಯರು ಬಾಂಬಿಗೆ ಬಲಿಯಾದರು. ಅಮೆರಿಕದ ಅಲಬಾಮಾ ರಾಜ್ಯ 1963ರಲ್ಲಿ ಕಂಡಿದ್ದು ಒಂದೆರಡಲ್ಲ. ಇಡೀ ದೇಶದ ಕಾನೂನನ್ನೇ ಬದಲಿಸಿದ ಆ ವರ್ಷದ ನಿಜವಾದ ನಾಯಕರಿಗೆ ಮತ ಹಾಕುವ ವಯಸ್ಸೂ ಆಗಿರಲಿಲ್ಲ!

ಮೇ 2, 1963. ಗುರುವಾರ. ಅಲಬಾಮಾದ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ಮಧ್ಯಾಹ್ನದ ಹೊತ್ತು. 16ನೇ ಬೀದಿಯ ಬ್ಯಾಪ್ಟಿಸ್ಟ್ ಚರ್ಚಿನ ಬಾಗಿಲು ತೆರೆಯುತ್ತದೆ. ಐವತ್ತು ಮಕ್ಕಳು ಜೋಡಿ ಜೋಡಿಯಾಗಿ, ಚಪ್ಪಾಳೆ ತಟ್ಟುತ್ತ, ಹಾಡುತ್ತ ಮೆಟ್ಟಿಲಿಳಿಯುತ್ತಾರೆ.

ಎದುರಿಗೆ ಪೊಲೀಸ್ ಪಡೆ. ಬಂಧಿಸಿದ್ದೇವೆ ಎಂದರೂ ಯಾವ ಮಗುವೂ ಓಡುವುದಿಲ್ಲ. ಪಿಕ್‌ನಿಕ್ಕಿಗೆ ಹೊರಟವರಂತೆ ಒಬ್ಬೊಬ್ಬರಾಗಿ ವ್ಯಾನ್ ಹತ್ತುತ್ತಾರೆ.

ಮುಗಿಯಿತಲ್ಲ ಎಂದು ಪೊಲೀಸರು ಉಸಿರು ಬಿಡುವಷ್ಟರಲ್ಲಿ ಮತ್ತೆ ಬಾಗಿಲು ತೆರೆಯುತ್ತದೆ. ಮತ್ತೆ ಐವತ್ತು ಮಕ್ಕಳು. ಅವರ ಹಿಂದೆ ಇನ್ನೊಂದು ಗುಂಪು. ಅದರ ಹಿಂದೆ ಮತ್ತೊಂದು.

ಅಲ್ಲೇ ನಿಂತಿದ್ದ ಹೋರಾಟಗಾರ ಪಾದ್ರಿ ಫ್ರೆಡ್ ಷಟಲ್ಸ್‌ವರ್ತ್ ಅವರನ್ನು ಪೊಲೀಸನೊಬ್ಬ ಕೇಳಿದನಂತೆ, ಇನ್ನೂ ಎಷ್ಟು ಜನ ಇದ್ದಾರೆ ಎಂದು. ಕಡಿಮೆಯೆಂದರೂ ಇನ್ನೊಂದು ಸಾವಿರ ಎಂದರಂತೆ ಪಾದ್ರಿ. ಪೊಲೀಸನ ಬಾಯಲ್ಲಿ ದೇವರ ಹೆಸರು ಬಂತು.

ಕೊನೆಗೆ ವ್ಯಾನುಗಳು ಸಾಲದೆ, ಮಕ್ಕಳನ್ನು ಜೈಲಿಗೆ ಸಾಗಿಸಲು ಶಾಲಾ ಬಸ್ಸುಗಳನ್ನೇ ತರಿಸಬೇಕಾಯಿತು. ಶಾಲೆಗೆ ಚಕ್ಕರ್ ಹೊಡೆದ ಮಕ್ಕಳು ಅಂದು ಶಾಲಾ ಬಸ್ಸಿನಲ್ಲೇ ಜೈಲು ಸೇರಿದರು!

ಅದೇ ಚರ್ಚಿನಲ್ಲಿ ಈಗ ಪ್ರತಿ ಸೆಪ್ಟೆಂಬರ್ 15ರಂದು ಸ್ಮರಣೆ ನಡೆಯುತ್ತದೆ. ಆ ಮಾತಿಗೆ ಆಮೇಲೆ ಬರೋಣ. ಮಕ್ಕಳು ಬೀದಿಗಿಳಿಯುವ ಪರಿಸ್ಥಿತಿ ಬಂದಿದ್ದಾದರೂ ಹೇಗೆ? ಅದಕ್ಕೆ ವರ್ಷದ ಮೊದಲ ತಿಂಗಳಿಗೇ ಹೋಗಬೇಕು.

ಜನವರಿಯ ಶಪಥ

ಜನವರಿ 14. ರಾಜ್ಯದ ರಾಜಧಾನಿ ಮಾಂಟ್ಗೊಮರಿಯಲ್ಲಿ ಮೈ ಕೊರೆಯುವ ಚಳಿ. ಹೊಸ ಗವರ್ನರ್ ಜಾರ್ಜ್ ವ್ಯಾಲೆಸ್ ಪ್ರಮಾಣವಚನ ಸ್ವೀಕರಿಸಿದ. ನಿಂತ ಜಾಗವೂ ಸಾಮಾನ್ಯದ್ದಲ್ಲ. 1861ರಲ್ಲಿ, ಗುಲಾಮಗಿರಿ ಉಳಿಸಿಕೊಳ್ಳಲು ಅಮೆರಿಕದಿಂದ ಸಿಡಿದು ಹೋದ ದಕ್ಷಿಣದ ರಾಜ್ಯಗಳ ಅಧ್ಯಕ್ಷನಾಗಿ ಜೆಫರ್‌ಸನ್ ಡೇವಿಸ್ ಪ್ರಮಾಣವಚನ ಸ್ವೀಕರಿಸಿದ್ದು ಅಲ್ಲೇ.

ವರ್ಣಭೇದ ಇವತ್ತೂ ಇರುತ್ತದೆ, ನಾಳೆಯೂ ಇರುತ್ತದೆ, ಎಂದೆಂದಿಗೂ ಇರುತ್ತದೆ ಎಂದು ವ್ಯಾಲೆಸ್ ಅಬ್ಬರಿಸಿದ. ಸೇರಿದ್ದ ಬಿಳಿಯರು ಕೇಕೆ ಹಾಕಿದರು.

ತಮಾಷೆಯೆಂದರೆ ಈತ ಮೊದಲು ಇಷ್ಟು ಕಟುವಾಗಿರಲಿಲ್ಲ. 1958ರ ಚುನಾವಣೆಯಲ್ಲಿ ಬಿಳಿಯರ ಜನಾಂಗದ್ವೇಷಿ ಗುಪ್ತ ಸಂಘಟನೆ ಕು ಕ್ಲಕ್ಸ್ ಕ್ಲಾನ್‌ನ ಬೆಂಬಲ ಪಡೆದಿದ್ದ ಎದುರಾಳಿಯ ಮುಂದೆ ಸೋತಿದ್ದ. ಆಮೇಲೆ ಗಾಳಿ ಬಂದ ಕಡೆ ತೂರಿಕೊಂಡ. ದ್ವೇಷಕ್ಕೆ ಮತ ಬೀಳುತ್ತದೆ ಎಂಬುದು ಖಾತ್ರಿಯಾದ ಮೇಲೆ ಅದನ್ನೇ ಬಂಡವಾಳ ಮಾಡಿಕೊಂಡು ಗೆದ್ದ.

ಉಕ್ಕಿನ ಊರು, ಬಾಂಬಿನ ಊರು

ಆಗ ರಾಜ್ಯದ ದೊಡ್ಡ ನಗರ ಬರ್ಮಿಂಗ್‌ಹ್ಯಾಮ್. ಕಬ್ಬಿಣದ ಅದಿರು, ಕಲ್ಲಿದ್ದಲು, ಸುಣ್ಣಕಲ್ಲು ಮೂರೂ ಆಸುಪಾಸಿನಲ್ಲೇ ಸಿಗುವ ಜಾಗ ನೋಡಿ 1871ರಲ್ಲಿ ಕಟ್ಟಿದ ಊರು. ಉಕ್ಕಿನ ಕುಲುಮೆಗಳೇ ಆಗ ಅದರ ಜೀವಾಳ. ಊರ ಪಕ್ಕದ ಗುಡ್ಡದ ಮೇಲೆ ಕಮ್ಮಾರರ ದೇವರು ವಲ್ಕನ್ನನ 56 ಅಡಿ ಎತ್ತರದ ಎರಕದ ಕಬ್ಬಿಣದ ಮೂರ್ತಿ.

ಗಣಿಗಳಿಂದಾಗಿ ಡೈನಮೈಟ್ ಊರಲ್ಲಿ ಸುಲಭವಾಗಿ ಸಿಗುತ್ತಿತ್ತು. ಅದು ಬೇರೆ ಕೆಲಸಕ್ಕೂ ಬಳಕೆಯಾಗುತ್ತಿತ್ತು. ಬಿಳಿಯರ ಬಡಾವಣೆಯ ಅಂಚಿನಲ್ಲಿ ಕಪ್ಪುವರ್ಣೀಯರು ಮನೆ ಕೊಂಡರೆ ರಾತ್ರೋರಾತ್ರಿ ಸ್ಫೋಟ! ಒಂದು ಬಡಾವಣೆಗಂತೂ ‘ಡೈನಮೈಟ್ ಹಿಲ್’ ಎಂದೇ ಹೆಸರು ಬಿತ್ತು. ಊರಿಗೆ ‘ಬಾಂಬಿಂಗ್‌ಹ್ಯಾಮ್’ ಎಂಬ ಅಡ್ಡಹೆಸರು.

ಷಟಲ್ಸ್‌ವರ್ತ್ ಅವರ ಮನೆಯೂ 1956ರ ಕ್ರಿಸ್‌ಮಸ್ ರಾತ್ರಿ ಛಿದ್ರವಾಗಿತ್ತು. ಮಲಗಿದ್ದ ಅವರು ಅವಶೇಷಗಳಡಿಯಿಂದ ಎದ್ದು ಬಂದರು. ಮರುವರ್ಷ ಮಗಳಂದಿರನ್ನು ಬಿಳಿಯರ ಶಾಲೆಗೆ ಸೇರಿಸಲು ಹೋದಾಗ ಸರಪಳಿಯಲ್ಲಿ ಹೊಡೆಸಿಕೊಂಡರು. ಆದರೂ ಊರು ಬಿಡಲಿಲ್ಲ. ಅಟ್ಲಾಂಟಾದಲ್ಲಿದ್ದ ನಾಗರಿಕ ಹಕ್ಕುಗಳ ನಾಯಕ ಮಾರ್ಟಿನ್ ಲೂಥರ್ ಕಿಂಗ್ ಅವರನ್ನು ಬರ್ಮಿಂಗ್‌ಹ್ಯಾಮ್‌ಗೆ ಕರೆತಂದವರು ಇವರೇ.

ಇವರಿಗೆಲ್ಲ ಎದುರಾಳಿ ಯೂಜಿನ್ ‘ಬುಲ್’ ಕಾನರ್. ಪೊಲೀಸ್ ಮತ್ತು ಅಗ್ನಿಶಾಮಕ ದಳ ಎರಡೂ ಅವನ ಕೈಯಲ್ಲಿ. ಒಂದು ಕಾಲಕ್ಕೆ ರೇಡಿಯೋದಲ್ಲಿ ಬೇಸ್‌ಬಾಲ್ ಕಾಮೆಂಟರಿ ಹೇಳಿ ಹೆಸರು ಮಾಡಿದ ಗಟ್ಟಿ ಗಂಟಲು. 1963ರ ಏಪ್ರಿಲ್ 2ರ ಮೇಯರ್ ಚುನಾವಣೆಯಲ್ಲಿ ಆಲ್ಬರ್ಟ್ ಬೌಟ್‌ವೆಲ್ ಎದುರು ಸೋತರೂ ಕುರ್ಚಿ ಬಿಡಲಿಲ್ಲ. ತಾನು ಗೆದ್ದಿದ್ದ ಹಳೆಯ ಹುದ್ದೆಯ ಅವಧಿ ಮುಗಿದಿಲ್ಲ ಎಂದು ಕೋರ್ಟಿಗೆ ಹೋದ. ಹೀಗಾಗಿ ವಾರಗಟ್ಟಲೆ ಒಂದೇ ಊರಿಗೆ ಎರಡು ಆಡಳಿತ!

> ಬಾಕ್ಸ್: ಕಾನೂನು ಹೀಗಿತ್ತು ನೋಡಿ
>
> * ಬರ್ಮಿಂಗ್‌ಹ್ಯಾಮ್‌ನ ಹೋಟೆಲಿನಲ್ಲಿ ಬಿಳಿಯರಿಗೂ ಕಪ್ಪುವರ್ಣೀಯರಿಗೂ ಒಂದೇ ಕೋಣೆಯಲ್ಲಿ ಊಟ ಬಡಿಸಬೇಕಾದರೆ ನಡುವೆ ಕನಿಷ್ಠ 7 ಅಡಿ ಎತ್ತರದ ಗೋಡೆ ಇರಬೇಕು. ಬೀದಿಯಿಂದ ಒಳಬರಲು ಬೇರೆ ಬೇರೆ ಬಾಗಿಲು.
> * ಇಬ್ಬರೂ ಒಟ್ಟಿಗೆ ಕೂತು ಚೆಕರ್ಸ್, ಡಾಮಿನೋ ಆಡುವುದೂ ಅಪರಾಧ.
> * ಪಾರ್ಕುಗಳನ್ನು ಎಲ್ಲರಿಗೂ ತೆರೆಯಿರಿ ಎಂದು ಕೋರ್ಟ್ ಹೇಳಿದ್ದಕ್ಕೆ 1962ರಲ್ಲಿ ನಗರಾಡಳಿತ ಪಾರ್ಕುಗಳನ್ನೇ ಮುಚ್ಚಿಬಿಟ್ಟಿತು. ಬಿಳಿಯರ ಮಕ್ಕಳಿಗೂ ಆಡಲು ಜಾಗವಿಲ್ಲದಂತಾಯಿತು.

ಪೇಪರಿನ ಅಂಚಿನಲ್ಲಿ ಬರೆದ ಪತ್ರ

ಏಪ್ರಿಲ್ 3ರಂದು ಚಳವಳಿ ಶುರುವಾಯಿತು. ಹೋರಾಟಗಾರರು ಇದಕ್ಕೆ ಇಟ್ಟುಕೊಂಡಿದ್ದ ಹೆಸರು ‘ಪ್ರಾಜೆಕ್ಟ್ ಸಿ’. ಕಪ್ಪುಜನ ಡಿಪಾರ್ಟ್‌ಮೆಂಟ್ ಸ್ಟೋರುಗಳ ಊಟದ ಕೌಂಟರಿನಲ್ಲಿ ಹೋಗಿ ಕೂರುವುದು, ಬಡಿಸದಿದ್ದರೂ ಏಳದಿರುವುದು. ಜೊತೆಗೆ ಈಸ್ಟರ್ ಹಬ್ಬದ ಖರೀದಿಗೆ ಬಹಿಷ್ಕಾರ. ಬಟ್ಟೆ ಕೊಳ್ಳಲು ನಾವು ಬೇಕು, ಆದರೆ ಟ್ರಯಲ್ ರೂಮಿಗೆ ಬಿಡುವುದಿಲ್ಲ ಎಂದರೆ ಆ ಅಂಗಡಿಗೆ ದುಡ್ಡೇಕೆ ಸುರಿಯಬೇಕು? ಲೆಕ್ಕಾಚಾರ ಸರಳವಾಗಿತ್ತು.

ಕೋರ್ಟು ಮೆರವಣಿಗೆಗೆ ತಡೆಯಾಜ್ಞೆ ಕೊಟ್ಟಿತು. ಕಿಂಗ್ ಅದನ್ನು ಮುರಿದರು. ಏಪ್ರಿಲ್ 12, ಗುಡ್ ಫ್ರೈಡೆ. ಸೂಟು ಕಳಚಿ ಡೆನಿಮ್ ಬಟ್ಟೆ ತೊಟ್ಟು ಸಂಗಾತಿ ರಾಲ್ಫ್ ಅಬರ್ನಥಿ ಜೊತೆ ಬೀದಿಗಿಳಿದ ಅವರನ್ನು ಹಿಡಿದು ಏಕಾಂತ ಸೆರೆಗೆ ಹಾಕಿದರು.

ಊರಿನ ಎಂಟು ಬಿಳಿಯ ಧರ್ಮಗುರುಗಳು ಪೇಪರಿನಲ್ಲಿ ಹೇಳಿಕೆ ಕೊಟ್ಟಿದ್ದರು. ಈ ಮೆರವಣಿಗೆಗಳೆಲ್ಲ ಅವಿವೇಕ, ಇದು ಅದಕ್ಕೆ ಕಾಲವಲ್ಲ ಎಂಬುದು ಅದರ ಸಾರ. ಸೆರೆಮನೆಯಲ್ಲಿ ಆ ಪೇಪರು ಕೈಗೆ ಸಿಕ್ಕಿದ್ದೇ ತಡ, ಕಿಂಗ್ ಉತ್ತರ ಬರೆಯಲು ಕೂತರು. ಹಾಳೆ ಇರಲಿಲ್ಲ. ಪೇಪರಿನ ಖಾಲಿ ಅಂಚಿನಲ್ಲೇ ಬರೆದರು. ಅದು ಮುಗಿದ ಮೇಲೆ ಸಿಕ್ಕಸಿಕ್ಕ ಚೂರುಗಳ ಮೇಲೆ. ವಕೀಲರು ಅವನ್ನೆಲ್ಲ ಗುಟ್ಟಾಗಿ ಹೊರಗೆ ಸಾಗಿಸಿದರು. ಏಪ್ರಿಲ್ 16ರ ತಾರೀಖು ಹೊತ್ತ ಆ ಪತ್ರ ಇಂದು ಜಗತ್ತಿನ ಅದೆಷ್ಟೋ ಕಾಲೇಜುಗಳಲ್ಲಿ ಪಾಠ. ನ್ಯಾಯ ಕೇಳುವವನಿಗೆ ‘ಸ್ವಲ್ಪ ತಾಳು’ ಎನ್ನುವವರೇ ದೊಡ್ಡ ಅಡ್ಡಗಾಲು ಎಂಬುದು ಅದರ ತಿರುಳು.

ಪತ್ರ ಪ್ರಸಿದ್ಧವಾಗಿದ್ದು ಆಮೇಲೆ. ಆಗಿನ್ನೂ ಚಳವಳಿ ಕುಂಟುತ್ತಿತ್ತು. ಕಿಂಗ್ ಏಪ್ರಿಲ್ 20ರಂದು ಹೊರಬಂದಾಗ ಜೈಲಿಗೆ ಹೋಗಲು ಸಿದ್ಧರಿದ್ದ ದೊಡ್ಡವರು ವಿರಳವಾಗಿದ್ದರು. ಅವರನ್ನು ದೂರುವಂತೆಯೂ ಇರಲಿಲ್ಲ. ಜೈಲಿಗೆ ಹೋದರೆ ಮರುದಿನ ಕೆಲಸ ಹೋಗುತ್ತದೆ. ಸಾಲ ಕೊಟ್ಟವನು ಬಾಗಿಲಿಗೆ ಬರುತ್ತಾನೆ. ಬಾಡಿಗೆ ಮನೆಯವನು ಸಾಮಾನು ಹೊರಗೆ ಎಸೆಯುತ್ತಾನೆ.

ಕೆಲಸವೂ ಇಲ್ಲದ, ಸಾಲವೂ ಇಲ್ಲದ ಜನ ಯಾರು?

ಹಲ್ಲುಜ್ಜುವ ಬ್ರಷ್ ತನ್ನಿ!

ಉತ್ತರ ಕೊಟ್ಟವರು ಜೇಮ್ಸ್ ಬೆವೆಲ್. ಇಪ್ಪತ್ತಾರರ ಯುವ ಪಾದ್ರಿ, ತಲೆಗೆ ಸದಾ ಯಹೂದಿ ಟೋಪಿ. ಮಕ್ಕಳನ್ನು ಕರೆಯೋಣ ಎಂದರು. ಕಿಂಗ್ ಹಿಂದೆಮುಂದೆ ನೋಡಿದರು. ಎಷ್ಟು ವಯಸ್ಸಿನ ಮಕ್ಕಳು ಎಂಬ ಪ್ರಶ್ನೆ ಬಂತು. ಚರ್ಚಿನ ಸದಸ್ಯನಾಗುವಷ್ಟು ತಿಳಿವಳಿಕೆ ಇರುವ ಮಗು ಸ್ವಾತಂತ್ರ್ಯಕ್ಕಾಗಿ ನಡೆಯುವಷ್ಟೂ ದೊಡ್ಡದೇ ಎಂಬುದು ಬೆವೆಲ್ ವಾದ.

ಹೈಸ್ಕೂಲಿನ ಫುಟ್‌ಬಾಲ್ ನಾಯಕರು, ತರಗತಿಯಲ್ಲಿ ಎಲ್ಲರಿಗೂ ಮೆಚ್ಚಿನ ಹುಡುಗಿಯರು, ಇಂಥವರನ್ನೇ ಮೊದಲು ಹಿಡಿದರು. ಅವರು ಹೊರಟರೆ ಉಳಿದವರು ತಾವಾಗಿ ಬರುತ್ತಾರೆ. ಚರ್ಚಿನ ನೆಲಮಾಳಿಗೆಯಲ್ಲಿ ತರಬೇತಿ. ಬೈದರೆ ತಿರುಗಿ ಬೈಯಬಾರದು. ಹೊಡೆದರೆ ಕೈ ಎತ್ತಬಾರದು. ಬಿದ್ದರೆ ತಲೆ ಹೇಗೆ ಮುಚ್ಚಿಕೊಳ್ಳಬೇಕು ಎಂಬುದಕ್ಕೂ ಪಾಠ.

ಕಪ್ಪುಜನರ ರೇಡಿಯೋದಲ್ಲಿ ಜನಪ್ರಿಯ ನಿರೂಪಕರು ಸಂಕೇತದ ಮಾತಿನಲ್ಲಿ ಸುದ್ದಿ ಹಬ್ಬಿಸಿದರು. ಪಾರ್ಕಿನಲ್ಲಿ ಪಾರ್ಟಿ ಇದೆ, ಬರುವಾಗ ಹಲ್ಲುಜ್ಜುವ ಬ್ರಷ್ ತನ್ನಿ ಎಂದರು. ರಾತ್ರಿ ಉಳಿಯಬೇಕು, ಅದೂ ಜೈಲಿನಲ್ಲಿ ಎಂಬುದು ಕೇಳಿದ ಮಕ್ಕಳಿಗೆಲ್ಲ ಗೊತ್ತಾಯಿತು.

ಮೇ 2ರ ಬೆಳಿಗ್ಗೆ ಪಾರ್ಕರ್ ಹೈಸ್ಕೂಲಿನಲ್ಲಿ ಪ್ರಿನ್ಸಿಪಾಲರು ಗೇಟಿಗೆ ಬೀಗ ಜಡಿಸಿದರು. ಮಕ್ಕಳು ಬೇಲಿ ಹಾರಿದರು.

ಹಾಗೆ ಬಂದವರಲ್ಲಿ ಆಡ್ರಿ ಫೇ ಹೆಂಡ್ರಿಕ್ಸ್ ಎಂಬ ಪುಟ್ಟಿಯೂ ಇದ್ದಳು. ಮೂರನೇ ಕ್ಲಾಸು, ಒಂಬತ್ತು ವರ್ಷ. ಅಪ್ಪ ಅಮ್ಮ ಇಬ್ಬರೂ ಚಳವಳಿಯವರು. ನಾನೂ ಜೈಲಿಗೆ ಹೋಗುತ್ತೇನೆ ಎಂದು ಅವಳೇ ಕೇಳಿಕೊಂಡಳು, ಅವರು ಒಪ್ಪಿದರು. ಟೀಚರಿಗೆ ಹೇಳಿದಾಗ ಅವರ ಕಣ್ಣಲ್ಲಿ ನೀರು. ಆಡ್ರಿ ಒಂದು ವಾರ ಸೆರೆಯಲ್ಲಿದ್ದಳು. ಆ ಚಳವಳಿಯಲ್ಲಿ ಬಂಧನಕ್ಕೊಳಗಾದವರಲ್ಲಿ ಅತಿ ಕಿರಿಯಳು ಎಂದು ಹೆಸರಾಗಿರುವವಳು ಅವಳೇ.

> ಬಾಕ್ಸ್: ನಾಗಪುರದ ನಂಟು
>
> ಬೆವೆಲ್‌ಗೆ ಅಹಿಂಸೆಯ ಪಾಠ ಹೇಳಿದ ಗುರು ಜೇಮ್ಸ್ ಲಾಸನ್. ಕೊರಿಯಾ ಯುದ್ಧಕ್ಕೆ ಹೋಗಲೊಲ್ಲೆ ಎಂದು ಜೈಲು ಸೇರಿದ್ದ ಲಾಸನ್, 1953ರಲ್ಲಿ ಭಾರತಕ್ಕೆ ಬಂದು ನಾಗಪುರದ ಹಿಸ್ಲಾಪ್ ಕಾಲೇಜಿನಲ್ಲಿ ಕೆಲಸ ಮಾಡಿದರು. ಗಾಂಧೀಜಿಯ ಸತ್ಯಾಗ್ರಹವನ್ನು ಅಭ್ಯಾಸ ಮಾಡಿದರು. ವರ್ಣಭೇದದ ವಿರುದ್ಧ ಕಪ್ಪುಜನ ನಡೆಸಿದ ಮಾಂಟ್ಗೊಮರಿ ಬಸ್ ಬಹಿಷ್ಕಾರದ ಸುದ್ದಿ ಅವರು ಓದಿದ್ದು ನಾಗಪುರದ ಪೇಪರಿನಲ್ಲಿ. ಅಮೆರಿಕಕ್ಕೆ ಮರಳಿ ನ್ಯಾಶ್‌ವಿಲ್‌ನಲ್ಲಿ ನಡೆಸಿದ ಶಿಬಿರಗಳಲ್ಲಿ ಬೆವೆಲ್, ಡಯಾನ್ ನ್ಯಾಶ್, ಜಾನ್ ಲೂಯಿಸ್ ಅವರಂಥ ಯುವ ಹೋರಾಟಗಾರರು ತಯಾರಾದರು. ಕಿಂಗ್ ಕೂಡ 1959ರಲ್ಲಿ ಭಾರತಕ್ಕೆ ಬಂದು ಹೋಗಿದ್ದರು.

ಒಂದು ಫೋಟೋ, ಒಂದು ನಾಯಿ

ಮೊದಲ ದಿನವೇ ಜೈಲು ತುಂಬಿತು. ಕಾನರ್‌ನ ಪಿತ್ತ ನೆತ್ತಿಗೇರಿತು.

ಮೇ 3, ಶುಕ್ರವಾರ. ಮಕ್ಕಳು ಮತ್ತೆ ಹೊರಟಾಗ ಕೆಲ್ಲಿ ಇಂಗ್ರಾಮ್ ಪಾರ್ಕಿನ ಬಳಿ ಅಗ್ನಿಶಾಮಕ ದಳ ಕಾದಿತ್ತು. ಎರಡು ಪೈಪುಗಳ ನೀರನ್ನು ಒಂದೇ ಮೂತಿಗೆ ತಂದು, ಮುಕ್ಕಾಲಿಯ ಮೇಲೆ ನಿಲ್ಲಿಸಿದ ಜೆಟ್‌ಗಳು ಅವು. ಮರದ ತೊಗಟೆ ಕಿತ್ತು ಬರುವಷ್ಟು ರಭಸ. ಮಕ್ಕಳು ಗೋಡೆಗೆ ಅಪ್ಪಳಿಸಿದರು, ರಸ್ತೆಯ ಮೇಲೆ ಉರುಳಿದರು, ಮೈಮೇಲಿನ ಅಂಗಿ ಹರಿದುಹೋಯಿತು. ಅಷ್ಟು ಸಾಲದು ಎಂದು ಕಾನರ್ ಪೊಲೀಸ್ ನಾಯಿಗಳನ್ನು ತರಿಸಿದ.

ಅಲ್ಲಿ ಇಬ್ಬರು ಫೋಟೋಗ್ರಾಫರುಗಳಿದ್ದರು. ‘ಲೈಫ್’ ಪತ್ರಿಕೆಗೆ ಚಿತ್ರ ತೆಗೆದ ಚಾರ್ಲ್ಸ್ ಮೂರ್ ಮತ್ತು ಅಸೋಸಿಯೇಟೆಡ್ ಪ್ರೆಸ್ಸಿನ ಬಿಲ್ ಹಡ್ಸನ್. ಹಡ್ಸನ್ ತೆಗೆದ ಒಂದು ಚಿತ್ರ ಜಗತ್ತನ್ನು ಸುತ್ತಿತು. ಪೊಲೀಸನೊಬ್ಬ ಹದಿನೈದರ ಹುಡುಗನ ಸ್ವೆಟರ್ ಹಿಡಿದೆಳೆದಿದ್ದಾನೆ. ನಾಯಿ ಹುಡುಗನ ಹೊಟ್ಟೆಗೇ ಬಾಯಿ ಹಾಕಿದೆ. ಹುಡುಗನ ಕೈಗಳಲ್ಲಿ ಪ್ರತಿಭಟನೆಯ ಫಲಕವಿಲ್ಲ, ಕಲ್ಲಿಲ್ಲ.

ಆ ಹುಡುಗ ಚಳವಳಿಗೆ ಬಂದವನೇ ಅಲ್ಲ. ಸುಮ್ಮನೆ ನೋಡಲು ಬಂದಿದ್ದ. ಅವನ ಬಂಧುಗಳು ನಡೆಸುತ್ತಿದ್ದ ಪತ್ರಿಕೆಗೆ ಕಿಂಗ್ ಅವರ ದಾರಿ ಹಿಡಿಸುತ್ತಲೂ ಇರಲಿಲ್ಲ. ನಾಯಿಗೆ ಮಾತ್ರ ಅದ್ಯಾವುದೂ ಬೇಕಿರಲಿಲ್ಲ. ಬಣ್ಣ ಒಂದೇ ಸಾಕಿತ್ತು ಅದನ್ನು ಛೂ ಬಿಟ್ಟವರಿಗೆ.

ಮರುದಿನ ‘ನ್ಯೂಯಾರ್ಕ್ ಟೈಮ್ಸ್’ ಮುಖಪುಟದಲ್ಲಿ ಆ ಚಿತ್ರ ಬಂತು. ನೋಡಿ ಹೊಟ್ಟೆ ತೊಳಸಿದಂತಾಯಿತು ಎಂದರು ಅಧ್ಯಕ್ಷ ಜಾನ್ ಕೆನಡಿ. ಗುಲಾಮಗಿರಿ ಕೊನೆಗಾಣಿಸಿದ ಲಿಂಕನ್‌ನಷ್ಟೇ ಉಪಕಾರವನ್ನು ಬುಲ್ ಕಾನರ್ ಈ ಚಳವಳಿಗೆ ಮಾಡಿದ್ದಾನೆ ಎಂದು ಮುಂದೊಮ್ಮೆ ಕುಟುಕಿದರು ಕೂಡ.

ಮಕ್ಕಳನ್ನು ಮುಂದೆ ಬಿಟ್ಟಿದ್ದು ಸರಿಯೇ? ಆಗಲೇ ಈ ಪ್ರಶ್ನೆ ಎದ್ದಿತ್ತು. ಕಾನೂನು ಸಚಿವ ರಾಬರ್ಟ್ ಕೆನಡಿ ಆಕ್ಷೇಪಿಸಿದರು. ಗಂಡಸರು ಮಕ್ಕಳನ್ನು ಗುಂಡಿನ ಬಾಯಿಗೆ ಕೊಡುವುದಿಲ್ಲ ಎಂದು ಕಪ್ಪುಜನರ ಇನ್ನೊಬ್ಬ ನಾಯಕ ಮಾಲ್ಕಮ್ ಎಕ್ಸ್ ಚುಚ್ಚಿದರು. ಪ್ರಶ್ನೆ ಇಂದಿಗೂ ಹಳೆಯದಾಗಿಲ್ಲ. ಆದರೆ ವರ್ಣಭೇದದ ಶಾಲೆ, ವರ್ಣಭೇದದ ನಲ್ಲಿ, ಮುಚ್ಚಿದ ಪಾರ್ಕು ಆ ಮಕ್ಕಳನ್ನು ಎಳೆ ವಯಸ್ಸಿನವರೆಂದು ಬಿಟ್ಟುಬಿಟ್ಟಿರಲಿಲ್ಲ ಎಂಬುದನ್ನೂ ಮರೆಯುವಂತಿಲ್ಲ.

ಮೇ 7ರ ಹೊತ್ತಿಗೆ ಬಂಧಿತರ ಸಂಖ್ಯೆ 2,000 ದಾಟಿತು. ಜೈಲು ಸಾಲದೆ ಜಾತ್ರೆ ಮೈದಾನವನ್ನೇ ಬಂದೀಖಾನೆ ಮಾಡಿದರು. ಪೇಟೆಯಲ್ಲಿ ವ್ಯಾಪಾರ ನೆಲಕಚ್ಚಿತು. ವರ್ತಕರೇ ಮಾತುಕತೆಗೆ ಬಂದರು. ಮೇ 10ರಂದು ಒಪ್ಪಂದವಾಯಿತು. ಊಟದ ಕೌಂಟರು, ಶೌಚಾಲಯ, ಟ್ರಯಲ್ ರೂಮು, ಕುಡಿಯುವ ನೀರಿನ ನಲ್ಲಿ ಎಲ್ಲವೂ 90 ದಿನದೊಳಗೆ ಎಲ್ಲರಿಗೂ ಮುಕ್ತ. ಜೈಲಿನಲ್ಲಿದ್ದವರಿಗೆ ಬಿಡುಗಡೆ. ಜಾಮೀನಿನ ದುಡ್ಡನ್ನು ಕಾರ್ಮಿಕ ಸಂಘಟನೆಗಳು ಹೊಂದಿಸಿದವು.

ಮರುರಾತ್ರಿಯೇ ಕಿಂಗ್ ಅವರ ತಮ್ಮನ ಮನೆಗೆ, ಕಿಂಗ್ ತಂಗುತ್ತಿದ್ದ ಗ್ಯಾಸ್ಟನ್ ಮೋಟೆಲಿಗೆ ಬಾಂಬ್ ಬಿತ್ತು. ಕಿಂಗ್ ಅಂದು ಊರಲ್ಲಿರಲಿಲ್ಲ.

ಶಾಲಾ ಮಂಡಳಿ ಮತ್ತೊಂದು ಪಟ್ಟು ಹಾಕಿತು. ಮೆರವಣಿಗೆಗೆ ಹೋದ ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಮೇ 20ರಂದು ಶಾಲೆಯಿಂದ ಹೊರಹಾಕಿತು. ಮೇ 22ರಂದು ಅಟ್ಲಾಂಟಾದ ಫೆಡರಲ್ ನ್ಯಾಯಾಧೀಶ ಎಲ್ಬರ್ಟ್ ಟಟಲ್ ಆ ಆದೇಶವನ್ನು ತಡೆದರು. ಮರುದಿನ ರಾಜ್ಯದ ಸುಪ್ರೀಂ ಕೋರ್ಟ್ ಕಾನರ್‌ಗೂ ಮನೆಗೆ ಹೋಗು ಎಂದಿತು. ಚಕ್ಕರ್ ಹೊಡೆದವರು ತರಗತಿಯಲ್ಲಿ ಉಳಿದರು, ನಾಯಿ ಬಿಟ್ಟವನು ಕಚೇರಿ ಖಾಲಿ ಮಾಡಿದ!

ಬಾಗಿಲಲ್ಲಿ ನಿಂತ ಗವರ್ನರ್

ಜೂನ್ 11. ಟಸ್ಕಲೂಸಾದಲ್ಲಿ ಸುಡುಬಿಸಿಲು. ಅಲಬಾಮಾ ಯೂನಿವರ್ಸಿಟಿಗೆ ವಿವಿಯನ್ ಮಲೋನ್, ಜೇಮ್ಸ್ ಹುಡ್ ಎಂಬ ಇಬ್ಬರು ಕಪ್ಪು ವಿದ್ಯಾರ್ಥಿಗಳು ಸೇರಬೇಕು. ಕೋರ್ಟಿನ ಆದೇಶವಿದೆ. ಫಾಸ್ಟರ್ ಆಡಿಟೋರಿಯಂ ಬಾಗಿಲಲ್ಲಿ ಗವರ್ನರ್ ವ್ಯಾಲೆಸ್ ಅಡ್ಡ ನಿಂತಿದ್ದಾನೆ.

ಎಲ್ಲವೂ ಟಿವಿ ಕ್ಯಾಮೆರಾಗಳ ಮುಂದೆ. ಯಾರು ಎಲ್ಲಿ ನಿಲ್ಲಬೇಕು ಎಂದು ನೆಲದ ಮೇಲೆ ಗೆರೆ ಎಳೆದಿದ್ದರು. ಭಾಷಣಕ್ಕೆ ಪೀಠವೂ ಸಿದ್ಧ. ಕೇಂದ್ರದ ಅಧಿಕಾರಿ ನಿಕೊಲಸ್ ಕಾಟ್ಸನ್‌ಬಾಕ್ ಬೆವರೊರೆಸಿಕೊಳ್ಳುತ್ತ ಆದೇಶ ಪಾಲಿಸಿ ಎಂದರು. ವ್ಯಾಲೆಸ್ ರಾಜ್ಯದ ಹಕ್ಕಿನ ಭಾಷಣ ಓದಿದ. ವಿದ್ಯಾರ್ಥಿಗಳಿಬ್ಬರೂ ಕಾರಿನಲ್ಲಿ ಕೂತಿದ್ದರು.

ಅಧ್ಯಕ್ಷ ಕೆನಡಿ ರಾಜ್ಯದ ನ್ಯಾಷನಲ್ ಗಾರ್ಡ್ ಪಡೆಯನ್ನು ಕೇಂದ್ರದ ಕೈಗೆ ತೆಗೆದುಕೊಂಡರು. ಮಧ್ಯಾಹ್ನ ಅದೇ ಪಡೆಯ ಜನರಲ್ ಹೆನ್ರಿ ಗ್ರಹಾಂ ಬಂದು, ದಾರಿ ಬಿಡಿ ಎಂದು ಹೇಳಬೇಕಾಗಿರುವುದು ನನ್ನ ಪಾಲಿನ ದುಃಖದ ಕರ್ತವ್ಯ ಎಂದರು. ವ್ಯಾಲೆಸ್ ಇನ್ನೆರಡು ಮಾತಾಡಿ ಪಕ್ಕಕ್ಕೆ ಸರಿದ. ಮಲೋನ್ ಮತ್ತು ಹುಡ್ ಒಳಗೆ ಹೋಗಿ ಹೆಸರು ನೋಂದಾಯಿಸಿದರು.

ಅಂದು ರಾತ್ರಿ ಕೆನಡಿ ಟಿವಿಯಲ್ಲಿ ಕಾಣಿಸಿಕೊಂಡು ನಾಗರಿಕ ಹಕ್ಕುಗಳ ಮಸೂದೆ ತರುವುದಾಗಿ ಸಾರಿದರು. ಇದು ಕಾನೂನಿನ ಪ್ರಶ್ನೆಯಷ್ಟೇ ಅಲ್ಲ, ನೀತಿಯ ಪ್ರಶ್ನೆ ಎಂದರು. ಆ ಭಾಷಣ ಮುಗಿದ ಕೆಲವೇ ಗಂಟೆಗಳಲ್ಲಿ, ನೆರೆಯ ಮಿಸಿಸಿಪ್ಪಿಯಲ್ಲಿ ಹೋರಾಟಗಾರ ಮೆಡ್ಗರ್ ಎವರ್ಸ್ ಅವರನ್ನು ಮನೆಯ ಮುಂದೆಯೇ ಗುಂಡಿಕ್ಕಿ ಕೊಂದರು.

ಚಂದ್ರನಿಗೆ ರಾಕೆಟ್, ಶಾಲೆಗೆ ಪೊಲೀಸ್

ಆಗಸ್ಟ್ 28ರಂದು ವಾಷಿಂಗ್ಟನ್‌ನಲ್ಲಿ ನಾಗರಿಕ ಹಕ್ಕುಗಳಿಗಾಗಿ ಸುಮಾರು ಎರಡೂವರೆ ಲಕ್ಷ ಜನ ಸೇರಿದರು. ಕಿಂಗ್ ಅವರ ‘ನನಗೊಂದು ಕನಸಿದೆ’ ಭಾಷಣ ಜಗತ್ತಿಗೆ ಕೇಳಿಸಿದ್ದು ಅಲ್ಲಿಂದ. ಅಲಬಾಮಾದಲ್ಲಿ ಮಾತ್ರ ಸೆಪ್ಟೆಂಬರ್ ಎಂದರೆ ಶಾಲೆ ಶುರುವಾಗುವ ಕಾಲ. ವ್ಯಾಲೆಸ್ ಮತ್ತೆ ರಾಜ್ಯ ಪೊಲೀಸರನ್ನು ಶಾಲೆಗಳ ಬಾಗಿಲಿಗೆ ಕಳಿಸಿದ.

ರಾಜ್ಯದ ಉತ್ತರಕ್ಕಿರುವ ಹಂಟ್ಸ್‌ವಿಲ್ ಆಗ ನಾಸಾದ ರಾಕೆಟ್ ನಗರ. ವರ್ನರ್ ಫಾನ್ ಬ್ರೌನ್ ನೇತೃತ್ವದಲ್ಲಿ ಮನುಷ್ಯನನ್ನು ಚಂದ್ರನಿಗೆ ಕಳಿಸುವ ಸ್ಯಾಟರ್ನ್ ರಾಕೆಟ್ ಅಲ್ಲಿ ರೂಪುಗೊಳ್ಳುತ್ತಿತ್ತು. ಅದೇ ಊರಿನಲ್ಲಿ ಆರು ವರ್ಷದ ಸನ್ನಿ ಹೆರೆಫರ್ಡ್ ಎಂಬ ಹುಡುಗನಿಗೆ ಬಿಳಿಯರ ಶಾಲೆಯ ಬಾಗಿಲು ದಾಟುವುದು ಚಂದ್ರನಷ್ಟೇ ದೂರವಾಗಿತ್ತು. ಮೊದಲ ಸಲ ಹೋದಾಗ ವಾಪಸು ಕಳಿಸಿದರು. ಸೆಪ್ಟೆಂಬರ್ 9ರಂದು ಅಪ್ಪನ ಕೈ ಹಿಡಿದು ಮತ್ತೆ ಹೋದ, ಒಳಗೆ ಬಿಟ್ಟರು. ವರ್ಣಭೇದ ಮುರಿದ ಅಲಬಾಮಾದ ಮೊದಲ ಸರ್ಕಾರಿ ಶಾಲೆ ಅದು. ಮರುದಿನ ಕೆನಡಿ ಮತ್ತೊಮ್ಮೆ ನ್ಯಾಷನಲ್ ಗಾರ್ಡನ್ನು ತಮ್ಮ ಕೈಗೆ ತೆಗೆದುಕೊಂಡ ಮೇಲೆ ಬರ್ಮಿಂಗ್‌ಹ್ಯಾಮ್ ಶಾಲೆಗಳೂ ತೆರೆದವು.

ಕ್ಲಾನ್‌ನವರಿಗೆ ಇದನ್ನು ಸಹಿಸಲಾಗಲಿಲ್ಲ.

ಬೆಳಿಗ್ಗೆ 10.22

ಸೆಪ್ಟೆಂಬರ್ 15, ಭಾನುವಾರ. 16ನೇ ಬೀದಿಯ ಅದೇ ಚರ್ಚು. ಅಂದು ಮಕ್ಕಳೇ ಆರಾಧನೆ ನಡೆಸಿಕೊಡುವ ದಿನ. ಸಂಡೇ ಸ್ಕೂಲಿನ ಅಂದಿನ ಪಾಠ, ಕ್ಷಮಿಸುವ ಪ್ರೀತಿ.

ನೆಲಮಾಳಿಗೆಯ ಮಹಿಳೆಯರ ಕೋಣೆಯಲ್ಲಿ ಐವರು ಹುಡುಗಿಯರು ಅಲಂಕಾರ ಸರಿಮಾಡಿಕೊಳ್ಳುತ್ತಿದ್ದರು. ಹನ್ನೊಂದರ ಡೆನಿಸ್ ಮೆಕ್‌ನೇರ್ ತನ್ನ ಫ್ರಾಕಿನ ಸೊಂಟದ ಪಟ್ಟಿ ಕಟ್ಟಿಕೊಡು ಎಂದು ಆಡಿ ಮೇ ಕಾಲಿನ್ಸ್‌ಗೆ ಹೇಳಿದಳು. ಆಡಿ ಕೈ ಚಾಚಿದಳು. ಅಷ್ಟೇ. ಹೊರಗಿನ ಮೆಟ್ಟಿಲ ಕೆಳಗಿಟ್ಟಿದ್ದ ಡೈನಮೈಟ್ ಸಿಡಿಯಿತು.

ಡೆನಿಸ್ ಮತ್ತು ಆಡಿ ಮೇ ಜೊತೆ ಸಿಂಥಿಯಾ ವೆಸ್ಲಿ, ಕ್ಯಾರಲ್ ರಾಬರ್ಟ್‌ಸನ್ ಕೂಡ ಸತ್ತರು. ಡೆನಿಸ್ ಬಿಟ್ಟು ಉಳಿದ ಮೂವರಿಗೂ 14 ವರ್ಷ. ಕೋಣೆಯಲ್ಲಿದ್ದ ಐದನೆಯವಳು ಆಡಿಯ ತಂಗಿ, 12 ವರ್ಷದ ಸಾರಾ. ಆಕೆ ಬದುಕುಳಿದಳು, ಒಂದು ಕಣ್ಣು ಹೋಯಿತು. ಪಟ್ಟಿ ಕಟ್ಟಲು ಅಕ್ಕ ಕೈ ಚಾಚಿದ್ದನ್ನು ಜಗತ್ತಿಗೆ ಹೇಳಿದವಳು ಅವಳೇ.

ಆ ದಿನ ಅಷ್ಟಕ್ಕೇ ಮುಗಿಯಲಿಲ್ಲ. 16 ವರ್ಷದ ಜಾನಿ ರಾಬಿನ್ಸನ್ ಪೊಲೀಸ್ ಗುಂಡಿಗೆ ಬಲಿಯಾದ. ಅಣ್ಣನ ಸೈಕಲ್ಲಿನ ಹ್ಯಾಂಡಲ್ ಮೇಲೆ ಕೂತು ಹೋಗುತ್ತಿದ್ದ 13 ವರ್ಷದ ವರ್ಜಿಲ್ ವೇರ್‌ಗೆ ಬಿಳಿ ಹುಡುಗನೊಬ್ಬ ಗುಂಡು ಹಾರಿಸಿದ. ಒಂದೇ ದಿನ, ಒಂದೇ ಊರು, ಆರು ಮಕ್ಕಳು.

ಮರುದಿನ ಬಿಳಿಯ ಯುವ ವಕೀಲ ಚಾರ್ಲ್ಸ್ ಮಾರ್ಗನ್ ವ್ಯಾಪಾರಸ್ಥರ ಕ್ಲಬ್ಬಿನಲ್ಲಿ ಎದ್ದು ನಿಂತು, ಬಾಂಬ್ ಇಟ್ಟವರು ಯಾರು ಎಂದು ಕೇಳಿ, ನಾವೆಲ್ಲರೂ ಎಂದು ತಾವೇ ಉತ್ತರಿಸಿದರು. ಬೆದರಿಕೆ ತಾಳಲಾರದೆ ಕುಟುಂಬ ಸಮೇತ ಊರು ಬಿಡಬೇಕಾಯಿತು.

ಬಾಂಬಿನ ಸುದ್ದಿ ಕೇಳಿದ ರಾತ್ರಿಯೇ ಡಯಾನ್ ನ್ಯಾಶ್ ಮತ್ತು ಪತಿ ಬೆವೆಲ್ ಒಂದು ತೀರ್ಮಾನಕ್ಕೆ ಬಂದರು. ಮತದ ಹಕ್ಕಿಲ್ಲದೆ ಈ ಮಕ್ಕಳಿಗೆ ರಕ್ಷಣೆಯಿಲ್ಲ. ಅವರು ಅಂದು ಹಾಕಿದ ಯೋಜನೆ ಅಲಬಾಮಾದ ಸೆಲ್ಮಾ ಪಟ್ಟಣದಿಂದ ಹೊರಟ 1965ರ ಪಾದಯಾತ್ರೆಗೂ ಮತದಾನದ ಹಕ್ಕಿನ ಕಾಯ್ದೆಗೂ ದಾರಿ ಮಾಡಿತು. ಆ ಸೆಲ್ಮಾದಲ್ಲಿ 1963ರ ಅಕ್ಟೋಬರ್ 7ರಂದೇ ನೂರಾರು ಕಪ್ಪುಜನ ಮತದಾರರ ಪಟ್ಟಿಗೆ ಹೆಸರು ಸೇರಿಸಲು ಬಿಸಿಲಲ್ಲಿ ದಿನವಿಡೀ ಸಾಲು ನಿಂತಿದ್ದರು.

ನವೆಂಬರ್ 22ರಂದು ಡಲ್ಲಾಸ್‌ನಲ್ಲಿ ಕೆನಡಿ ಹತ್ಯೆಯಾಯಿತು. ಅವರು ಘೋಷಿಸಿದ್ದ ಮಸೂದೆಗೆ 1964ರ ಜುಲೈ 2ರಂದು, ಅವರ ನಂತರ ಅಧ್ಯಕ್ಷರಾದ ಲಿಂಡನ್ ಜಾನ್ಸನ್ ಸಹಿ ಹಾಕಿದರು. ಹೋಟೆಲು, ಸಿನಿಮಾ, ಅಂಗಡಿಗಳಲ್ಲಿ ಬಣ್ಣ ನೋಡಿ ಬಾಗಿಲು ಹಾಕುವುದು ದೇಶದಾದ್ಯಂತ ಕಾನೂನುಬಾಹಿರವಾಯಿತು.

> ಬಾಕ್ಸ್: ವೇಲ್ಸ್‌ನಿಂದ ಬಂದ ಕಿಟಕಿ
>
> ಬಾಂಬ್ ಸುದ್ದಿ ಕೇಳಿ ಬ್ರಿಟನ್ನಿನ ವೇಲ್ಸ್‌ನ ಕಲಾವಿದ ಜಾನ್ ಪೆಟ್ಸ್ ಚರ್ಚಿಗೆ ಹೊಸ ಬಣ್ಣದ ಗಾಜಿನ ಕಿಟಕಿ ಮಾಡಿಕೊಡಲು ಮುಂದಾದರು. ಅಲ್ಲಿನ ‘ವೆಸ್ಟರ್ನ್ ಮೇಲ್’ ಪತ್ರಿಕೆ ಚಂದಾ ಎತ್ತಿತು. ಯಾರೂ ಅರ್ಧ ಕ್ರೌನ್‌ಗಿಂತ ಹೆಚ್ಚು ಕೊಡುವಂತಿಲ್ಲ ಎಂಬುದು ಷರತ್ತು. ಒಬ್ಬ ಸಾಹುಕಾರನ ದಾನವಾಗದೆ ಇಡೀ ನಾಡಿನ ಕೊಡುಗೆಯಾಗಲಿ ಎಂಬ ಉದ್ದೇಶ. ಕೈಗಳನ್ನು ಅಗಲಿಸಿ ನಿಂತ ಕಪ್ಪುವರ್ಣದ ಕ್ರಿಸ್ತನಿರುವ ಆ ಕಿಟಕಿ 1965ರಿಂದ ಚರ್ಚಿನಲ್ಲಿದೆ.

ಕಪಾಟು ಸೇರಿದ ಕಡತ

ಬಾಂಬ್ ಇಟ್ಟವರು ಯಾರೆಂದು ಪತ್ತೆಯಾಗಲಿಲ್ಲವೇ? ಆಗಿತ್ತು. ನಾಲ್ವರು ಕ್ಲಾನ್ ಸದಸ್ಯರು ಎಂದು ಎಫ್‌ಬಿಐಗೆ 1965ರ ಹೊತ್ತಿಗೇ ಗೊತ್ತಿತ್ತು. ಆದರೂ ಮೊಕದ್ದಮೆ ಹೂಡಲಿಲ್ಲ. 1968ರಲ್ಲಿ ಕಡತ ಮುಚ್ಚಿದರು.

ರಾಜ್ಯದ ಅಟಾರ್ನಿ ಜನರಲ್ ಆದ ಬಿಲ್ ಬ್ಯಾಕ್ಸ್‌ಲಿ ಆ ಕಡತವನ್ನು ಮತ್ತೆ ತೆರೆಸಿದರು. ಸತ್ತ ಹುಡುಗಿಯರ ಹೆಸರನ್ನು ಸದಾ ಜೇಬಿನಲ್ಲಿರುವ ಕಾರ್ಡಿನ ಮೇಲೆ ಬರೆದಿಟ್ಟುಕೊಂಡಿದ್ದರು ಅವರು. 1977ರಲ್ಲಿ ರಾಬರ್ಟ್ ಚಾಂಬ್ಲಿಸ್‌ಗೆ ಶಿಕ್ಷೆಯಾಯಿತು. ಅವನ ವಿರುದ್ಧ ಸಾಕ್ಷಿ ಹೇಳಿದವರಲ್ಲಿ ಅವನ ಸಂಬಂಧಿಯೇ ಇದ್ದಳು.

ಆ ವಿಚಾರಣೆ ನೋಡಲು ಕಾನೂನು ವಿದ್ಯಾರ್ಥಿಯೊಬ್ಬ ಕ್ಲಾಸಿಗೆ ಚಕ್ಕರ್ ಹೊಡೆದು ಬರುತ್ತಿದ್ದ. ಹೆಸರು ಡಗ್ ಜೋನ್ಸ್. ಮುಂದೆ ಸರ್ಕಾರಿ ವಕೀಲರಾಗಿ 2001ರಲ್ಲಿ ಥಾಮಸ್ ಬ್ಲಾಂಟನ್‌ಗೆ, 2002ರಲ್ಲಿ ಬಾಬಿ ಫ್ರಾಂಕ್ ಚೆರಿಗೆ ಶಿಕ್ಷೆ ಕೊಡಿಸಿದ್ದು ಅವರೇ. ನಾಲ್ಕನೆಯ ಆರೋಪಿ ಹರ್ಮನ್ ಕ್ಯಾಶ್ ಕಟಕಟೆ ಹತ್ತದೆಯೇ 1994ರಲ್ಲಿ ಸತ್ತಿದ್ದ.

> ಬಾಕ್ಸ್: ಮುಂದೆ ಏನಾದರು?
>
> * ವಿವಿಯನ್ ಮಲೋನ್: 1965ರಲ್ಲಿ ಅಲಬಾಮಾ ಯೂನಿವರ್ಸಿಟಿಯ ಮೊದಲ ಕಪ್ಪು ಪದವೀಧರೆಯಾದರು. 1996ರಲ್ಲಿ ಅವರಿಗೆ ಧೈರ್ಯದ ಪ್ರಶಸ್ತಿ ಕೊಟ್ಟಿದ್ದು ಜಾರ್ಜ್ ವ್ಯಾಲೆಸ್!
> * ಜಾರ್ಜ್ ವ್ಯಾಲೆಸ್: 1972ರಲ್ಲಿ ಗುಂಡೇಟು ತಿಂದು ಗಾಲಿ ಕುರ್ಚಿ ಹಿಡಿದ. ಕೊನೆಗಾಲದಲ್ಲಿ ಕಪ್ಪುಜನರ ಕ್ಷಮೆ ಕೇಳಿದ. 1998ರಲ್ಲಿ ಮರಣ.
> * ಏಸಾ ಕಾರ್ಟರ್: ವ್ಯಾಲೆಸ್‌ನ ಜನವರಿ ಭಾಷಣ ಬರೆದ ಕ್ಲಾನ್ ಸದಸ್ಯ. ಮುಂದೆ ಹೆಸರು ಬದಲಿಸಿ, ತಾನು ಮೂಲನಿವಾಸಿ ವಂಶದವನೆಂದು ನಂಬಿಸಿ ಲೇಖಕನಾಗಿ ಮೆರೆದ.
> * ಫ್ರೆಡ್ ಷಟಲ್ಸ್‌ವರ್ತ್: ಬರ್ಮಿಂಗ್‌ಹ್ಯಾಮ್ ವಿಮಾನ ನಿಲ್ದಾಣಕ್ಕೆ ಈಗ ಅವರ ಹೆಸರು.
> * ಕಾಂಡೊಲೀಸಾ ರೈಸ್: ಸ್ಫೋಟದ ಸದ್ದು ಕೇಳಿದ ಎಂಟು ವರ್ಷದ ಹುಡುಗಿ, ಡೆನಿಸ್‌ಳ ಗೆಳತಿ. 2005ರಲ್ಲಿ ಅಮೆರಿಕದ ವಿದೇಶಾಂಗ ಸಚಿವೆಯಾದರು.

ಲೆಕ್ಕ ಚುಕ್ತಾ ಆಯಿತೇ?

1963ರ ಅಲಬಾಮಾದಲ್ಲಿ ದೊಡ್ಡವರೆಲ್ಲ ಒಂದಲ್ಲ ಒಂದು ಲೆಕ್ಕ ಹಾಕುತ್ತಿದ್ದರು. ಗವರ್ನರ್‌ಗೆ ಮತದ ಲೆಕ್ಕ, ವರ್ತಕರಿಗೆ ವ್ಯಾಪಾರದ ಲೆಕ್ಕ, ಧರ್ಮಗುರುಗಳಿಗೆ ಸಮಯದ ಲೆಕ್ಕ, ವಾಷಿಂಗ್ಟನ್‌ಗೆ ದಕ್ಷಿಣದ ಸಂಸದರ ಲೆಕ್ಕ. ಯಾವ ಲೆಕ್ಕವನ್ನೂ ಹಾಕದೆ ಬ್ರಷ್ ಹಿಡಿದು ಹೊರಟವರು ಮಕ್ಕಳು ಮಾತ್ರ. ಉಳಿದವರ ಲೆಕ್ಕವೆಲ್ಲ ತಲೆಕೆಳಗಾಗಿದ್ದು ಅದರಿಂದಲೇ.

ಅವರು ಬೀದಿಗಿಳಿದ ಹದಿನಾಲ್ಕು ತಿಂಗಳಲ್ಲಿ ದೇಶದ ಕಾನೂನು ಬದಲಾಯಿತು. ಅವರ ನಾಲ್ವರು ಗೆಳತಿಯರ ಕೊಲೆಗೆ ಕೊನೆಯ ತೀರ್ಪು ಬರಲು ಮಾತ್ರ 39 ವರ್ಷ ಬೇಕಾಯಿತು. ಕಪ್ಪು-ಬಿಳಿ ಮದುವೆಯನ್ನು ನಿಷೇಧಿಸಿದ್ದ ಸಾಲು ಅಲಬಾಮಾದ ಸಂವಿಧಾನದಿಂದ ಅಳಿದಿದ್ದು 2000ದಲ್ಲಿ, ಆಗಲೂ ಶೇ 40ರಷ್ಟು ಮತದಾರರು ಅದು ಇರಲಿ ಎಂದಿದ್ದರು. ಕಾಯ್ದೆಯನ್ನು ಒಂದು ಸಹಿ ಬದಲಿಸಬಲ್ಲದು, ಆದರೆ ಕಾಯ್ದೆಯನ್ನು ಜಾರಿ ಮಾಡುವ ಮನಸ್ಸುಗಳಿಗೆ ತಲೆಮಾರುಗಳೇ ಬೇಕು.

ಒಂದು ಕಣ್ಣು ಕಳೆದುಕೊಂಡ ಸಾರಾ ಕಾಲಿನ್ಸ್ ಅವರಿಗೆ ಅಲಬಾಮಾದ ಗವರ್ನರ್ ಪತ್ರ ಬರೆದು ಅಧಿಕೃತವಾಗಿ ಕ್ಷಮೆ ಕೇಳಿದ್ದು 2020ರಲ್ಲಿ, ಘಟನೆ ನಡೆದು 57 ವರ್ಷಗಳ ನಂತರ. ಆಸ್ಪತ್ರೆಯ ಖರ್ಚಿಗೂ ನೋವಿಗೂ ಪರಿಹಾರ ಕೊಡಿ ಎಂದೂ ಅವರು ಕೇಳಿದ್ದರು. ಆ ಪತ್ರದಲ್ಲಿ ಸಿಕ್ಕಿದ್ದು ಕ್ಷಮೆ ಮಾತ್ರ.